ಪಕ್ಕಾಸು ಕೊರೆಯುವ ದುಂಬಿ: ನನ್ನ ಅನುಭವ

ಬ್ರಹ್ಮಾವರದ ಸಮೀಪ ಇರುವ ನಮ್ಮ ಹಂಚಿನ ಮನೆಯ ಚಾವಡಿಯಲ್ಲಿ, ಎರಡು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ, ಗುಡಿಸಿ ಅರ್ಧ ಗಂಟೆಯಾಗುವುದರೊಳಗೆ ನೆಲದ ಮೇಲೆ ಮತ್ತೆ ಮರದ ಹುಡಿ ಬೀಳುತ್ತಿತ್ತು. ಗೆದ್ದಲೆಂದು ಗಾಬರಿಗೊಂಡು ಮೇಲೆ ನೋಡಿದರೆ, ಪಕ್ಕಾಸಿನ (ಮಾಡಿನ ಇಳಿಜಾರು ಮರದ ತೊಲೆಯ) ಅಡಿಯಲ್ಲಿ ಕಿರುಬೆರಳು ಹೋಗುವಷ್ಟು ಅಗಲದ, ಗಿರ್ಮಿಟ್ಟಿನಿಂದ ಕೊರೆದಂತೆ ದುಂಡಗಿನ ತೂತು ಕಾಣಿಸಿತು. ಸ್ವಲ್ಪ ಹೊತ್ತಿನಲ್ಲಿ ಕಪ್ಪು ದುಂಬಿಯೊಂದು (ಇಂಗ್ಲಿಷಿನಲ್ಲಿ ಕಾರ್ಪೆಂಟರ್ ಬೀ) ಹಿಮ್ಮುಖವಾಗಿ ಬಂದು ಹುಡಿಯನ್ನು ಹೊರಗೆ ತಳ್ಳಿತು.

ಅಂದು ನಡುಹಗಲಿನಲ್ಲೇ ತೂತಿಗೆ ಪುಟ್ಟಿ ಮೆತ್ತಿದ್ದು ನನ್ನ ತಪ್ಪು. ಒಳಗಿದ್ದ ದುಂಬಿ ಒಂದು ಗೇಣು ಆಚೆ ಇನ್ನೊಂದು ತೂತು ಕೊರೆದು ಹೊರಬಂದಿತು. "ಒಳಗೆ ಮರಿಗಳಿರುವಾಗ ಮುಚ್ಚಬೇಡಿ ಮಾರಾಯ್ರೇ, ಮಳೆಗೆ ಮೊದಲು ನೋಡುವ" ಎಂದರು ನಮ್ಮ ಮರಗೆಲಸದ ಆಚಾರ್ರು.

ಈ ದುಂಬಿ ಮರವನ್ನು ತಿನ್ನುವುದಿಲ್ಲ. ಸ್ವಲ್ಪ ಮೇಲಕ್ಕೆ ಕೊರೆದು, ನಂತರ ಮರದ ಎಳೆಯ ಉದ್ದಕ್ಕೆ ತಿರುಗಿ, ಪರಾಗ ಮತ್ತು ಮಕರಂದ ಕಲಸಿದ ಉಂಡೆಯ ಮೇಲೆ ಮೊಟ್ಟೆಯಿಟ್ಟು, ಹುಡಿಯಿಂದಲೇ ಅಡ್ಡಗೋಡೆ ಕಟ್ಟಿ, ಒಂದರ ಪಕ್ಕ ಒಂದರಂತೆ ಕೋಣೆಗಳನ್ನು ಮಾಡುತ್ತದೆ. ಹಳೆಯ ಸುರಂಗವನ್ನೇ ವರ್ಷವರ್ಷವೂ ಉದ್ದ ಮಾಡುವುದರಿಂದ ಪಕ್ಕಾಸು ಟೊಳ್ಳಾಗುತ್ತದೆ. ಮುಖದ ಮುಂದೆ ಗುಂಯ್‌ಗುಡುತ್ತಾ ನಿಲ್ಲುವ ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣು ಕೈಯಲ್ಲಿ ಹಿಡಿದರೆ ಮಾತ್ರ ಕುಟುಕುತ್ತದೆ. ಮಕ್ಕಳಿಗೆ ಇದನ್ನು ಮೊದಲು ತಿಳಿಸಿದೆ.

ಕೊಲ್ಲುವ ಔಷಧಿ ಹೊಡೆಯಲು ನನಗೆ ಮನಸ್ಸಿರಲಿಲ್ಲ. ಹಿತ್ತಿಲಿನ ಗುಳ್ಳ ಬದನೆಯ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕಾದರೆ ಹೂವು ಅದುರಬೇಕು. ಹೂವನ್ನು ಅಪ್ಪಿ ಗುಂಯ್‌ಗುಟ್ಟಿ ಆ ಕೆಲಸ ಮಾಡುವವುಗಳಲ್ಲಿ ಈ ದುಂಬಿಯೂ ಒಂದು. ಪ್ಯಾಶನ್ ಫ್ರೂಟ್ ಬಳ್ಳಿಯ ದೊಡ್ಡ ಹೂವಿಗಂತೂ ಇಷ್ಟು ದಪ್ಪ ಮೈಯ ದುಂಬಿಯೇ ಬೇಕು.

ಆದ್ದರಿಂದ ಮೇ ತಿಂಗಳವರೆಗೆ ಕಾದೆವು. ಪ್ರತಿ ತೂತಿಗೂ ಕಾಗದದ ಸಡಿಲ ಉಂಡೆ ಇಟ್ಟೆ; ಒಳಗೆ ದುಂಬಿಯಿದ್ದಲ್ಲಿ ಮರುದಿನವೇ ಉಂಡೆ ಕೆಳಗೆ ಬಿದ್ದಿರುತ್ತಿತ್ತು. ಎರಡು ವಾರ ಅಲುಗದೆ ಉಳಿದ ತೂತುಗಳಿಗೆ ಮಾತ್ರ ಆಚಾರ್ರು ಅಂಟು ಸವರಿದ ಮರದ ಬೆಣೆ ಹೊಡೆದು ಸಮ ಮಾಡಿದರು. ಅನಂತರ ಪಕ್ಕಾಸು, ಹಂಚು ಕೂರಿಸುವ ರೀಪುಗಳಿಗೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆವು. ಅದು ತಾಗಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುವುದರಿಂದ ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ ಕಡ್ಡಾಯ. ಮರದ ಬಣ್ಣ ಕಪ್ಪಾಗುವುದನ್ನೂ ಒಪ್ಪಿಕೊಳ್ಳಬೇಕು. ಬರಿಯ ಮರವನ್ನೇ ದುಂಬಿ ಹೆಚ್ಚು ಇಷ್ಟಪಡುವುದರಿಂದ ಬಣ್ಣ ಬಳಿದರೂ ಪ್ರಯೋಜನವಿದೆ.

ಅವುಗಳಿಗೆಂದು ಒಂದು ಕಡೆ ಗಂಟಿರುವ ಒಣಬಿದಿರಿನ ತುಂಡುಗಳನ್ನು ಕೊಟ್ಟಿಗೆಯ ಮಾಡಿನ ಕೆಳಗೆ, ಮಳೆ ಇರಚಲು ತಾಗದಂತೆ ಅಡ್ಡಲಾಗಿ ಕಟ್ಟಿದೆ. ಕಳೆದ ಜನವರಿಯಲ್ಲಿ ಐದರ ಪೈಕಿ ಎರಡರ ಕೆಳಗೆ ಹುಡಿ ಬಿದ್ದಿತ್ತು. ಚಾವಡಿಯಲ್ಲಿ, ಗೇರೆಣ್ಣೆ ಸರಿಯಾಗಿ ತಾಗದೆ ಉಳಿದಿದ್ದ ಒಂದು ರೀಪಿನ ತುದಿಯನ್ನು ಮಾತ್ರ ಮತ್ತೆ ಕೊರೆದಿದೆ; ಬರುವ ಮೇ ತಿಂಗಳಿನಲ್ಲಿ ಅದನ್ನು ಬದಲಿಸಬೇಕು.