ಬಣ್ಣದ ಉಲ್ಲಂಕಿ ನೋಡಬೇಕಾದರೆ ಬದುವಿನ ಮೇಲೆ ಸುಮ್ನೆ ಕೂರಿ

ಆಗಸ್ಟ್ ತಿಂಗಳು. ನಾಲೆಗೆ ನೀರು ಬಂದು, ನಾಟಿ ಮುಗಿದು, ಪೈರು ಆಗ ತಾನೇ ಬೇರು ಹಿಡಿದಿರುತ್ತದೆ. ಹಾಲು ಕರೆದು ಹಿತ್ತಿಲಿಗೆ ಬಂದರೆ ಕೆರೆ ಕೆಳಗಿನ ಗದ್ದೆ ಕಡೆಯಿಂದ ಒಂದು ಸದ್ದು. ಊಕ್... ಊಕ್... ಊಕ್... ಖಾಲಿ ಸೀಸೆಯ ಬಾಯಿಗೆ ತುಟಿಯಿಟ್ಟು ಊದಿದ ಹಾಗೆ. ಮದುವೆಯಾಗಿ ಮದ್ದೂರು ಕಡೆಯ ಈ ಊರಿಗೆ ಬಂದ ಹೊಸದರಲ್ಲಿ ಅದನ್ನು ಕೇಳಿ ಹೆದರಿದ್ದೆ. ನಮ್ಮತ್ತೆ ಒಲೆ ಮುಂದಿನಿಂದಲೇ, "ಅದು ಗದ್ದೆ ಹಕ್ಕಿ ಕಣವ್ವ, ಹೊತ್ತು ಮುಳುಗಿದ ಮೇಲೇ ಅದಕ್ಕೆ ಬೆಳಗಾಗೋದು" ಅಂದಿದ್ದರು.

ಆ ಹಕ್ಕಿಯನ್ನು, ಅಂದರೆ ಬಣ್ಣದ ಉಲ್ಲಂಕಿಯನ್ನು, ಕಣ್ಣಾರೆ ನೋಡೋಕೆ ನನಗೆ ಆರು ವರ್ಷ ಹಿಡಿಯಿತು. ಅಷ್ಟು ದಿನವೂ ಅದು ನಮ್ಮ ಗದ್ದೆಯಲ್ಲೇ ಇತ್ತು. ನಾನು ಹುಡುಕಿಕೊಂಡು ಓಡಾಡುತ್ತಿದ್ದೆ, ಅದೇ ತಪ್ಪಾಗಿತ್ತು. ನಮ್ಮ ಹೆಜ್ಜೆ ಸದ್ದಾದರೆ ಉಲ್ಲಂಕಿ ಹಾರುವುದಿಲ್ಲ. ಇದ್ದಲ್ಲೇ ಕುಕ್ಕರಿಸಿ ಕಲ್ಲಿನಂತೆ ಕೂತುಬಿಡುತ್ತದೆ. ಕಾಲಿಗೆ ಸಿಕ್ಕುವಷ್ಟು ಹತ್ತಿರ ಹೋದರೆ ಮಾತ್ರ ಎದ್ದು, ಕಾಲು ಜೋಲು ಬಿಟ್ಟುಕೊಂಡು ನಿಧಾನಕ್ಕೆ ಹಾರಿ, ಸ್ವಲ್ಪ ದೂರದ ಜೊಂಡಿನೊಳಗೆ ಬೀಳುತ್ತದೆ. ಆಮೇಲೆ ಆ ದಿನ ಮತ್ತೆ ಕಾಣುತ್ತದೆ ಅನ್ನುವ ಆಸೆ ಬಿಡಿ.

ಹಾಗಾಗಿ ಮೊದಲು ಜಾಗ ಗೊತ್ತು ಮಾಡಿಕೊಳ್ಳಿ, ಆಮೇಲೆ ಕೂರಿ. ಈ ಹಕ್ಕಿಗೆ ತುಂಬಿದ ಕೆರೆ ಬೇಡ. ಕೆಸರು ಇರಬೇಕು, ಹೆಚ್ಚೆಂದರೆ ಗೇಣುದ್ದ ನೀರು ಇರಬೇಕು, ಓಡಿ ಅಡಗೋಕೆ ಎರಡು ಹೆಜ್ಜೆಯಲ್ಲೇ ಹುಲ್ಲೋ ಆಪಿನ ಜೊಂಡೋ ಇರಬೇಕು. ಕೆರೆಯ ಹಿನ್ನೀರಿನ ಅಂಚು, ತೂಬಿನ ಕೆಳಗಿನ ಜೌಗು, ಗದ್ದೆ ನೀರು ಬಸಿದು ಹೋಗುವ ಕಾಲುವೆಯ ಮೂಲೆ, ಇಂಥವು. ಬೆಳಗಿನ ಹೊತ್ತು ಹೋಗಿ ಕೆಸರು ನೋಡಿ. ಚಿಕ್ಕ ಚಿಕ್ಕ ಹೆಜ್ಜೆ ಗುರುತು ಹುಲ್ಲಿನೊಳಗಿಂದ ಹೊರಬಂದು ಮತ್ತೆ ಹುಲ್ಲಿಗೇ ಹೋಗಿದ್ದರೆ ಆ ಜಾಗ ನೆನಪಿಟ್ಟುಕೊಳ್ಳಿ. ಹುಂಡುಕೋಳಿಯ ಹೆಜ್ಜೆಯೂ ಅಲ್ಲೇ ಇರುತ್ತದೆ, ಆದರೆ ಅದರ ಬೆರಳುಗಳು ತುಂಬಾ ಉದ್ದ.

ಸಂಜೆ ಆರೂಕಾಲಿಗೆ ಆ ಮೂಲೆಯಿಂದ 30 ಹೆಜ್ಜೆ ದೂರದ ಬದುವಿನ ಮೇಲೆ ಕೂರಿ. ಬೆನ್ನ ಹಿಂದೆ ಒಂದು ಪೊದೆಯೋ ತೆಂಗಿನ ಮರವೋ ಇದ್ದರೆ ಒಳ್ಳೆಯದು, ಬಾನಿನ ಬೆಳಕಿಗೆ ನಿಮ್ಮ ತಲೆ ಎದ್ದು ಕಾಣುವುದಿಲ್ಲ. ಮಣ್ಣಿನ ಬಣ್ಣದ ಬಟ್ಟೆ ಸಾಕು. ನಾನು ನಮ್ಮೆಜಮಾನರ ಹಳೇ ಖಾಕಿ ಶರ್ಟು ಸೀರೆ ಮೇಲೆ ಹಾಕಿಕೊಂಡು ಹೋಗುತ್ತೇನೆ. ಬೈನಾಕ್ಯುಲರ್ ಇದ್ದರೆ 8x42ರದ್ದು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಚೆನ್ನ, ಮಬ್ಬು ಬೆಳಕಲ್ಲೂ ಕಣ್ಣಿಗೆ ತಿಳಿಯಾಗಿ ಕಾಣಿಸುತ್ತದೆ. ಫೋನ್ ಸೈಲೆಂಟ್ ಮಾಡಿ, ತಲೆಕೆಳಗಾಗಿ ಇಡಿ. ಟಾರ್ಚ್ ವಾಪಸ್ ಬರುವ ದಾರಿಗೆ ಮಾತ್ರ, ಹಾವು ನೋಡಿಕೊಳ್ಳೋಕೆ.

ಮೊದಲು ಬೆಳ್ಳಕ್ಕಿಗಳು ಸಾಲಾಗಿ ಹೋಗುತ್ತವೆ. ಆಮೇಲೆ ಕಪ್ಪೆಗಳು ಶುರು ಮಾಡುತ್ತವೆ. ಬೇಸರವಾಗಿ ಎದ್ದು ಹೋಗೋಣ ಅನ್ನಿಸುವುದು ಆಗಲೇ. ಏಳಬೇಡಿ. ಹುಲ್ಲಿನ ಸಂದಿಯಲ್ಲಿ ಮೊದಲು ಕಣ್ಣು ಕಾಣುತ್ತದೆ. ಕಣ್ಣಿನ ಸುತ್ತ ಬೆಳ್ಳಗೆ ಬಳಿದು, ಹಿಂದಕ್ಕೆ ಎಳೆದ ಹಾಗೆ. ಆಮೇಲೆ ಉದ್ದ ಕೊಕ್ಕು, ತುದಿ ಕೊಂಚ ಕೆಳಕ್ಕೆ ಬಾಗಿದ್ದು. ಎರಡು ಹೆಜ್ಜೆ ಹೊರಗೆ ಬಂದು ನಿಂತು, ಹಿಂಭಾಗವನ್ನು ಮೇಲೆ ಕೆಳಗೆ ಕುಲುಕಿಸುತ್ತದೆ. ಆಮೇಲೆ ಕೊಕ್ಕನ್ನು ತೆಳು ನೀರಿನಲ್ಲಿ ಆ ಕಡೆ ಈ ಕಡೆ ಕುಡುಗೋಲು ಬೀಸಿದ ಹಾಗೆ ಆಡಿಸುತ್ತಾ ಮೇಯುತ್ತದೆ. ಹುಳ, ಬಸವನಹುಳು, ಉದುರಿದ ಕಾಳು, ಏನು ಸಿಕ್ಕಿದರೂ ಸರಿ.

ಈಗ ಗಂಡು ಯಾವುದು, ಹೆಣ್ಣು ಯಾವುದು ಗುರುತಿಸಿ. ಇಲ್ಲಿ ಎಲ್ಲರೂ ಎಡವುತ್ತಾರೆ. ತಲೆ, ಕತ್ತು ಗಾಢ ಕಂದುಗೆಂಪು, ಬೆನ್ನಿಗೆ ಹಸಿರು ಹೊಳಪು, ಹೆಗಲ ಮೇಲೆ ಬ್ಯಾಗಿನ ಪಟ್ಟಿಯಂಥ ಬಿಳಿ ಗೆರೆ, ಇದು ಹೆಣ್ಣು. ಸ್ವಲ್ಪ ದಪ್ಪವೂ ಹೌದು. ಒಣಹುಲ್ಲಿನ ಬಣ್ಣದ ಮಾಸಲು ಹಕ್ಕಿ, ರೆಕ್ಕೆ ತುಂಬಾ ಅರಿಶಿನದ ಚುಕ್ಕೆ, ಕಣ್ಣಿನ ಸುತ್ತ ಬಿಳಿಯ ಬದಲು ಕೆನೆ ಬಣ್ಣ, ಅದು ಗಂಡು. ಸಂಜೆ ಊಕ್ ಊಕ್ ಅಂತ ಕೂಗಿ ಗಂಡನ್ನು ಕರೆಯುವವಳು ಹೆಣ್ಣು. ಆ ಕೂಗಿಗೆ ಬೇಕಾಗಿಯೇ ಅವಳ ಗಂಟಲ ಕೊಳವೆ ಗಂಡಿನದಕ್ಕಿಂತ ಉದ್ದ, ಒಳಗೇ ಸುತ್ತು ಹಾಕಿಕೊಂಡಿರುತ್ತದೆ. ಮೊಟ್ಟೆಯಿಟ್ಟ ಮೇಲೆ ಅವಳು ಇನ್ನೊಂದು ಗಂಡನ್ನು ಕರೆಯುತ್ತಾಳೆ. ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಅಪ್ಪನ ಪಾಲು. ಕೆರೆಯ ತಾವರೆ ಎಲೆ ಮೇಲೆ ಓಡಾಡುವ ದೇವನಕ್ಕಿಯ ಸಂಸಾರವೂ ಹೀಗೇ, ಇವೆರಡೂ ಹತ್ತಿರದ ನೆಂಟರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಉಲ್ಲಂಕಿಗೆ ಹೆಸರಿಟ್ಟಾಗ ಹುಂಡುಕೋಳಿಯ ಬಳಗದ ಹಕ್ಕಿ ಅಂದುಕೊಂಡು ಆ ಗುಂಪಿಗೆ ಸೇರಿಸಿದ್ದ. ಅವಿತುಕೊಳ್ಳುವುದರಲ್ಲಿ ಎರಡೂ ಒಂದೇ ಅಲ್ವಾ.

ಚಳಿಗಾಲದಲ್ಲಿ ಇನ್ನೊಂದು ಗೊಂದಲ. ಆಗ ಉತ್ತರದಿಂದ ಬರುವ ಬೇರೆ ಉಲ್ಲಂಕಿಗಳೂ ಇದೇ ಕೆಸರಲ್ಲಿ ಇರುತ್ತವೆ. ಅವುಗಳ ಕೊಕ್ಕು ನೇರ, ಬೆನ್ನ ಮೇಲೆ ಉದ್ದ ಗೆರೆಗಳು. ಎಬ್ಬಿಸಿದರೆ ಗೊಗ್ಗರು ದನಿಯಲ್ಲಿ ಕಿರುಚಿ ಅಡ್ಡಾದಿಡ್ಡಿ ಹಾರುತ್ತವೆ. ನಮ್ಮದು ಸಾಮಾನ್ಯವಾಗಿ ಸದ್ದಿಲ್ಲದೆ ಏಳುತ್ತದೆ.

ಗೂಡಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಗೂಡು ನೆಲದ ಮೇಲೆ, ಬದುವಿನ ಮಗ್ಗುಲಲ್ಲಿ ಅಥವಾ ಹುಲ್ಲಿನ ದಿಬ್ಬದಲ್ಲಿ ಇರುತ್ತದೆ. ನಾಲ್ಕು ಹುಲ್ಲೆಳೆ ಹಾಸಿದ ತಗ್ಗು, ಅಷ್ಟೇ. ಸಾಮಾನ್ಯವಾಗಿ 4 ಮೊಟ್ಟೆ. ಹಳದಿ ಮಣ್ಣಿನ ಬಣ್ಣ, ಮೇಲೆ ಕಪ್ಪು ಕಂದು ಮಚ್ಚೆ. ನಾನು ಮೊದಲ ಸಲ ನೋಡಿದ್ದು ದನಕ್ಕೆ ಹುಲ್ಲು ಕುಯ್ಯುವಾಗ. ಕುಡುಗೋಲಿನಿಂದ ಒಂದು ಮೊಳ ದೂರದಲ್ಲಿ ಗಂಡು ಎದ್ದು ನಿಂತಿತು. ಎರಡೂ ರೆಕ್ಕೆ ಮುಂದಕ್ಕೆ ಹರಡಿ, ಬಾಲ ಬೀಸಣಿಗೆ ಮಾಡಿ, ಚುಕ್ಕೆಗಳನ್ನೆಲ್ಲ ನನ್ನ ಮುಖಕ್ಕೆ ಹಿಡಿದು ಬುಸ್ ಅಂದಿತು. ಅಂಗೈಯಗಲದ ಜೀವ ಅದು. ಓಡಿಹೋಗಲಿಲ್ಲ.

ಆಗ ನಾನು ಮಾಡಿದ್ದು ತಪ್ಪು. ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಫೋಟೋ ತೆಗೆಯೋಕೆ ಹೋದೆ. ನಾನು ತುಳಿದ ಹುಲ್ಲು ಗೂಡಿನ ತನಕ ದಾರಿ ಬಿಟ್ಟಂತಾಗಿತ್ತು. ನಾಲ್ಕನೇ ದಿನ ಕಾಗೆ ಆ ದಾರಿಯಲ್ಲೇ ನಿಂತಿತ್ತು. ಗೂಡಲ್ಲಿ ಚಿಪ್ಪು ಮಾತ್ರ. ಇವತ್ತಿಗೂ ಆ ಬದುವಿಗೆ ಹೋದರೆ ಎದೆ ಚುರುಕ್ ಅನ್ನುತ್ತದೆ.

ಗೂಡು ಸಿಕ್ಕರೆ ನೀವು ಹೀಗೆ ಮಾಡಿ. ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ, ಗೂಡು ದಾಟಿಕೊಂಡು ಸಲೀಸಾಗಿ ಮುಂದಕ್ಕೆ ನಡೆದುಬಿಡಿ. ಗೂಡಿನ ಪಕ್ಕ ಗುರುತು ಬೇಡ, ಎರಡು ಬದು ಆಚೆ ಒಂದು ಕಡ್ಡಿ ನೆಟ್ಟರೆ ಸಾಕು. ಸುತ್ತ ಒಂದು ಮಾರು ಹುಲ್ಲು ಕುಯ್ಯದೆ ಬಿಡಿ, ಕಳೆ ಔಷಧಿ ಹೊಡೆಯಬೇಡಿ. ಆ ಮಡಿಗೆ ನೀರು ಕಟ್ಟುವಾಗ ಒಂದೇ ಸಲ ತುಂಬಿಸಬೇಡಿ, ತಗ್ಗಿನ ಗೂಡು ತೇಲಿ ಹೋಗುತ್ತದೆ. ಕಳೆ ಕೀಳೋಕೆ ಬರುವವರಿಗೆ ಮೊದಲೇ ಹೇಳಿ. ನಮ್ಮ ಕಡೆ ಹೆಂಗಸರಿಗೆ, "ಅಲ್ಲೊಬ್ಬ ಅಪ್ಪ ಕಾವು ಕೂತವನೆ ಕಣ್ರವ್ವ" ಅಂದರೆ ಸಾಕು, ಅವರೇ ಸುತ್ತಿ ಹೋಗುತ್ತಾರೆ. ಹಿಡಿಯೋಕೆ ಬಲೆ ತರುವವರಿದ್ದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ ಅಂತ ನೇರವಾಗಿ ಹೇಳಿ. ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯುವುದನ್ನಂತೂ ಮಾಡಲೇಬೇಡಿ. ಕತ್ತಲಾಗುವ ಆ ಅರ್ಧ ಗಂಟೆ ಅದು ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತು.

ಎರಡು ವರ್ಷದ ಹಿಂದೆ ಮತ್ತೊಂದು ಗೂಡು ಸಿಕ್ಕಿತು. ಈ ಸಲ ದೂರದಿಂದಲೇ ನೋಡಿದೆ. ಕಾವು ಮೂರು ವಾರದೊಳಗೆ ಮುಗಿಯುತ್ತದೆ. ಗೂಡು ಸಿಕ್ಕ 13ನೇ ದಿನ ಸಂಜೆ ಗಂಡು ಬದುವಿನಿಂದ ಇಳಿಯಿತು. ಹಿಂದೆ ಮೂರು ಮರಿ, ಒಣಹುಲ್ಲಿನ ಬಣ್ಣಕ್ಕೆ ಕಪ್ಪು ಗೆರೆ. ಒಂದು ಕೆಸರಲ್ಲಿ ಸಿಕ್ಕಿಕೊಂಡಿತು. ಅಪ್ಪ ನಿಂತು ಕಾದ. ಅದು ಎದ್ದು ಬಂದ ಮೇಲೆ ಬಾಗಿ, ಕೊಕ್ಕಿನ ತುದಿಯಲ್ಲಿದ್ದ ಏನನ್ನೋ ಅದರ ಬಾಯಿಗೆ ಕೊಟ್ಟ. ನಾಲ್ವರೂ ಬಸಿಗಾಲುವೆಯ ಆಪಿನೊಳಗೆ ಹೋದರು.

ಮಾರನೆಯ ದಿನ ಬದು ಸವರೋಕೆ ಮೆಷಿನ್ ಬರುವುದಿತ್ತು. ಕಾಲುವೆಗೆ ದೂರದ ತುದಿಯಿಂದ ಶುರು ಮಾಡಿಸಿದೆ, ಉಳಿದಿದ್ದೇನಾದರೂ ಇದ್ದರೆ ಆಪಿನ ಕಡೆಗೇ ಓಡಲಿ ಅಂತ. ಕೊನೆಯ ಹತ್ತು ಮಾರು ಬಿಟ್ಟುಬಿಡಿ ಅಂದೆ. ಆ ಹತ್ತು ಮಾರು ಈಗಲೂ ಹಾಗೇ ಇದೆ.