ಬಾಕ್ಸ್ ಬಾಡಿಗೆ ಇಲ್ಲದೆ ಎಚ್‌ಡಿ: ನನ್ನ ಅನುಭವ

ಎಚ್‌ಡಿ ಬಾಕ್ಸಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಬೇಡವೆನಿಸಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೇರೆ ದಾರಿ ಹಿಡಿದೆ: ಬಾಕ್ಸ್ ಇಲ್ಲದೆ ಡಿಶ್ಶನ್ನೇ ನೇರವಾಗಿ ಟಿವಿಗೆ ಜೋಡಿಸಿದೆ. ಕೇಬಲ್ ತಂತಿಯನ್ನೇ ನೇರವಾಗಿ ಟಿವಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಪೇ ಚಾನೆಲ್‌ಗಳೆಲ್ಲ ಲಾಕ್ ಆಗಿಯೇ ಬರುತ್ತವೆ.

ಟಿವಿಯ ಹಿಂದೆ ತಿರುಪು ಹಾಕುವಂಥ ‘ಸ್ಯಾಟಲೈಟ್’ ಕಿಂಡಿ ಇದೆಯೇ ನೋಡಿ. ವಿವರಗಳಲ್ಲಿ ಡಿವಿಬಿ-ಎಸ್2 ಎಂದಿದ್ದರೆ ಉಪಗ್ರಹದ ಸಿಗ್ನಲ್ ಹಿಡಿಯುವ ಟ್ಯೂನರ್ ಟಿವಿಯ ಒಳಗೇ ಇದೆ ಎಂದರ್ಥ. ಆಗ ಡಿಶ್, ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂರಿಸುವ, ಸಿಗ್ನಲ್ ಹಿಡಿಯುವ ಭಾಗ), ತಂತಿ ಇದ್ದರೆ ದೂರದರ್ಶನದ ಉಚಿತ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ಬರುತ್ತದೆ, ತಿಂಗಳ ಶುಲ್ಕವಿಲ್ಲ. ಮೆನುವಿನಲ್ಲಿ ಉಪಗ್ರಹ 93.5 ಡಿಗ್ರಿ ಪೂರ್ವ, ಅಂದರೆ ಜಿಸ್ಯಾಟ್-15, ಎಲ್‌ಎನ್‌ಬಿ ಆವರ್ತನ 9750/10600 ಎಂದು ಕೊಟ್ಟು ಸ್ಕ್ಯಾನ್ ಮಾಡಿದರಾಯಿತು.

ಕಷ್ಟವಿದ್ದದ್ದು ಮೆನುವಿನಲ್ಲಲ್ಲ, ತೋಟದಲ್ಲಿ. ನಮ್ಮ ಕಡೆಯಿಂದ ಈ ಉಪಗ್ರಹ ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಆ ದಿಕ್ಕಿಗೇ ಅಡಿಕೆ ಮರಗಳ ತಲೆ! “ಮರ ಕಡಿಯೋ ಮಾತು ಮಾತ್ರ ಎತ್ತಬೇಡ ಮಾರಾಯ” ಎಂದರು ದೊಡ್ಡಪ್ಪ. ಹಂಚಿನ ಮಾಡು ಬಿಟ್ಟು ಅಂಗಳದ ಮೂಲೆಯಲ್ಲಿ ಕಬ್ಬಿಣದ ಕಂಬ ನೆಟ್ಟು, ಸಿಗ್ನಲ್ ಪಟ್ಟಿ ನೋಡುತ್ತ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಒಬ್ಬರು ಟಿವಿ ಮುಂದೆ ಕೂತು ಕೂಗಿ ಹೇಳಬೇಕು, ಇಲ್ಲವಾದರೆ ಆಗದ ಕೆಲಸ.

ಎಚ್‌ಡಿಯಲ್ಲಿ ಸಿಗುವುದು ದೂರದರ್ಶನದ ಕೆಲವೇ ವಾಹಿನಿಗಳು. ಧಾರಾವಾಹಿಗಳ ಪೇ ಚಾನೆಲ್ ಎಚ್‌ಡಿಯಲ್ಲೇ ಬೇಕೆನ್ನುವವರಿಗೆ ಇದು ಸಾಲದು. ನನಗೆ ಸಾಕು. ಜಡಿಮಳೆ ಹಿಡಿದಾಗ ಚಿತ್ರ ನಿಲ್ಲುತ್ತದೆ, ಅದಕ್ಕೆ ಮದ್ದಿಲ್ಲ. ಎಲ್‌ಎನ್‌ಬಿ ಕನೆಕ್ಟರಿಗೆ ನೀರಿಳಿಯದಂತೆ ಟೇಪು ಮಾತ್ರ ಮಳೆಗಾಲಕ್ಕೆ ಮೊದಲೇ ಸುತ್ತಿಬಿಡಿ.