ಶಿರಸಿ ಮಳೆಯಲ್ಲೂ ನಿಂತ ಮರಳಾಟದ ಪೆಟ್ಟಿಗೆ

ಮರಳಿನ ಪೆಟ್ಟಿಗೆಯಲ್ಲಿ ಮಗು ಆಟಿಕೆ ಇಟ್ಟು ಆಡುವುದನ್ನು ನೋಡಿ ಅದರ ಮನಸ್ಸು ಅರಿಯುವುದು ಮರಳಾಟ. ಮಕ್ಕಳ ಸಮಾಲೋಚನೆಗೆ ಇದು ನಮ್ಮ ಕಡೆ ಆಗಿಬರುವುದಿಲ್ಲ ಎಂದವರೇ ಜಾಸ್ತಿ. ಮಳೆಗೆ ಮರಳು ನಿಲ್ಲದು, ಖರ್ಚು ಏಳದು, ಮನೋವಿಶ್ಲೇಷಕ ಫ್ರಾಯ್ಡ್ ಹೇಳಿದ ಮಗುವಿನ ಮನಸ್ಸಿನ ಬೆಳವಣಿಗೆಯ ಹಂತಗಳು ಅವನ ಊರಾದ ವಿಯೆನ್ನಾದ ಮಕ್ಕಳಿಗೇ ಹೊರತು ಕೂಡುಮನೆಯಲ್ಲಿ ಬೆಳೆದವರಿಗಲ್ಲ ಎಂದರು. ಎರಡು ಮಳೆಗಾಲ ಕಳೆದಿದೆ, ಪೆಟ್ಟಿಗೆ ನಡೆಯುತ್ತಿದೆ.

ಅಳತೆ, ಮರಳಾಟವನ್ನು ಚಿಕಿತ್ಸೆಯಾಗಿ ಬೆಳೆಸಿದ ಸ್ವಿಸ್ ಚಿಕಿತ್ಸಕಿ ಡೋರಾ ಕಾಲ್ಫ್ ಬಳಸಿದ್ದೇ: ಸುಮಾರು 72 ಸೆಂ.ಮೀ. ಉದ್ದ, 50 ಅಗಲ, 7 ಆಳ. ಮಗು ಕತ್ತು ತಿರುಗಿಸದೆ ಇಡೀ ಪೆಟ್ಟಿಗೆ ಕಾಣಬೇಕು. ಚೌಕಟ್ಟು ಹಲಸಿನದು, ಒಳಗೆಲ್ಲ ನೀಲಿ ಪೇಂಟು. ಮರಳು ಸರಿಸಿದರೆ ಹೊಳೆಯೋ ಸಮುದ್ರವೋ ಆಗುತ್ತದೆ. ಅರ್ಧ ತುಂಬಿಸಲು 18–20 ಕೆ.ಜಿ. ಮರಳು ಬೇಕು. ಮೊದಲು ತಳಕ್ಕೆ ಹಾಕಿದ 6 ಎಂ.ಎಂ. ಪ್ಲೈವುಡ್ ಒದ್ದೆ ಮರಳಿಗೆ ಬಾಗಿ ಹೋಯಿತು, 12 ಎಂ.ಎಂ. ನಿಂತಿತು.

ಸಮುದ್ರದ ಮರಳಿನ ತಂಟೆಗೆ ಹೋಗಬೇಡಿ. ಉಪ್ಪು ತೇವ ಎಳೆಯುತ್ತದೆ, ಜೂನ್ ಬರುವುದರೊಳಗೆ ಗಂಟುಗಂಟು. ಹೊಳೆ ಮರಳನ್ನೇ ಆರೇಳು ನೀರಿನಲ್ಲಿ ತೊಳೆದು, ರವೆ ಜರಡಿಯಲ್ಲಿ ಹಿಡಿದು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನಡಿ ಎರಡು ದಿನ ಹರವಿ, ಕೊನೆಗೆ ಬಾಣಲೆಯಲ್ಲಿ ಹುರಿದರೆ ಇರುವೆಯ ಕಾಟವೂ ಇಲ್ಲ. ಆಗಸ್ಟಿನಲ್ಲಿ ಮುಗ್ಗಲು ಹಿಡಿಯದಂತೆ ಏನು ಬೆರೆಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಬಂದವರಿಗೆ ತೋರಿಸುತ್ತೇನೆ.

ಒಣ ಮರಳಿಗೊಂದು, ಒದ್ದೆಗೊಂದು, ಎರಡು ಪೆಟ್ಟಿಗೆಗೆ ಮೂರೂವರೆ ಸಾವಿರದಷ್ಟಾಯಿತು. ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಆಟಿಕೆಗೆ ಒಂದೂವರೆ ಸಾವಿರ. ಅದರಲ್ಲಿ ಅರ್ಧ ದಂಡ. ಇನ್ನೂರು ಆಟಿಕೆ ಕಂಡ ಮಗು ಬುಟ್ಟಿ ಕವುಚಿ ರಾಶಿ ಹಾಕುತ್ತದೆ, ಆಟ ಹುಟ್ಟುವುದಿಲ್ಲ. ಅರವತ್ತು ಸಾಕು. ಆದರೆ ಕಚ್ಚುವಂಥವು ಇರಲೇಬೇಕು: ಮೊಸಳೆ, ಹಾವು, ಹುಲಿ. ಜೊತೆಗೆ ಬೇಲಿ, ಬಾವಿ, ತುಳಸಿಕಟ್ಟೆ, ದೋಣಿ, ಕೆಂಪು ಬಸ್ಸು, ಯಕ್ಷಗಾನದ ರಾಕ್ಷಸ ವೇಷದ ಗೊಂಬೆ.

ಎರಡು-ಮೂರು ವರ್ಷದವರಿಗೆ ಸಣ್ಣ ಆಟಿಕೆ ಬೇಡ, ನುಂಗುತ್ತಾರೆ. ಒದ್ದೆ ಪೆಟ್ಟಿಗೆ, ಎರಡು ಕರಟ, ಒಂದು ಚೊಂಬು ನೀರು. ತುಂಬುವುದು, ಸುರಿಯುವುದು, ಬಿಗಿಹಿಡಿದು ಕೊಡದಿರುವುದು: ಮಲಮೂತ್ರ ಹಿಡಿಯುವುದು-ಬಿಡುವುದನ್ನು ಮಗು ಕಲಿಯುವ ಈ ವಯಸ್ಸನ್ನು ಫ್ರಾಯ್ಡ್ ಗುದ ಹಂತವೆಂದದ್ದು, ಮನೋವಿಜ್ಞಾನಿ ಎರಿಕ್ಸನ್ ಸ್ವಾಯತ್ತತೆ ಮತ್ತು ನಾಚಿಕೆಯ ಜಗ್ಗಾಟವೆಂದದ್ದು ಇಲ್ಲೇ ಕಾಣುತ್ತದೆ. ಚಡ್ಡಿ ಒದ್ದೆಯಾದಾಗೆಲ್ಲ ಬೈಸಿಕೊಂಡ ಮಗು ಮೊದಲ ಎರಡು ಸಲ ಮರಳು ಮುಟ್ಟುವುದೇ ಇಲ್ಲ. ಚೌಕಟ್ಟಿನ ಅಂಚನ್ನು ಬೆರಳಲ್ಲಿ ಸವರಿ, ಬೆರಳು ನೋಡಿಕೊಂಡು, ಅಂಗಿಗೆ ಒರೆಸುತ್ತದೆ. ಆಗ ಅದರ ಕೈಹಿಡಿದು ಮರಳಿಗೆ ಅದ್ದಿದರೆ ಆಟ ಕೆಟ್ಟಿತು. ಅಮ್ಮನ ಬಾಯಿಂದ ‘ಛೀ’ ಬರದಂತೆ ಮೊದಲೇ ಹೇಳಿಡಿ.

ನಾಲ್ಕೈದು ವರ್ಷಕ್ಕೆ ರಾಜ, ರಾಕ್ಷಸ, ಗೊಂಬೆ ಹೂಳುವುದು ಶುರು. ಮಗು ಅಪ್ಪನನ್ನು ಎದುರಾಳಿಯಂತೆ ಕಾಣುತ್ತದೆಂದು ಫ್ರಾಯ್ಡ್ ಹೇಳಿದ ಹಂತ ಇದು. ನಮ್ಮವರೆಲ್ಲ ಎಡವುವುದು ಇಲ್ಲಿಯೇ. “ಇದು ಅಪ್ಪನಾ?” ಎಂದು ಕೇಳಿಬಿಡುತ್ತಾರೆ. ಮುಂದಿನ ವಾರ ಮಗು ಅಚ್ಚುಕಟ್ಟಾಗಿ ಮನೆ ಕಟ್ಟಿಟ್ಟು ಕೈಕಟ್ಟಿ ಕೂರುತ್ತದೆ. “ಇವ ಏನು ಮಾಡ್ತ?” ಎಂದಷ್ಟೇ ಕೇಳಿ. ಕೂಡುಮನೆಯಲ್ಲಿ ಆ ರಾಕ್ಷಸ ಅಪ್ಪನೇ ಆಗಬೇಕಿಲ್ಲ. ಗದರುವ ಜಾಗದಲ್ಲಿ ಕೂತ ದೊಡ್ಡಪ್ಪನೋ ಅಜ್ಜನೋ ಆಗಿರಬಹುದು. ಹಂತ ಅದೇ, ಪಾತ್ರಧಾರಿ ಬೇರೆ. ವಿಯೆನ್ನಾ ಎಂದವರಿಗೆ ನನ್ನ ಉತ್ತರ ಇದು.

ಆರು ದಾಟಿದವರು ಬೇಲಿ, ರಸ್ತೆ, ಲೆಕ್ಕ ಹಿಡಿಯುತ್ತಾರೆ. ಪೆಟ್ಟಿಗೆ ಸಪ್ಪೆಯಾದೊಡನೆ ಗುಣವಾಯಿತೆಂದು ಕೇಸು ಮುಗಿಸಬೇಡಿ, ಅದು ಫ್ರಾಯ್ಡ್ ಹೇಳಿದ ಸುಪ್ತ ಹಂತದ, ಎಂದರೆ ಹಿಂದಿನ ತಳಮಳ ತೆರೆಮರೆಗೆ ಸರಿಯುವ ವಯಸ್ಸಿನ ಮುಖ. ಇವರಿಗೆ ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ವಿನಿಕಾಟನ ಗೀಚಾಟ ಮೇಲು: ನೀವು ಗೀಚಿದ್ದನ್ನು ಮಗು ಚಿತ್ರ ಮಾಡಬೇಕು, ಮಗು ಗೀಚಿದ್ದನ್ನು ನೀವು. ಅವನಂತೆ ಹಾಳೆಯನ್ನು ಅರ್ಧಕ್ಕೆ ಹರಿದೇ ಕೊಡಿ. ಪೂರ್ತಿ ಹಾಳೆ ಕೊಟ್ಟರೆ ಪರೀಕ್ಷೆಯೆಂದು ಬಿಗಿಯುತ್ತಾರೆ.

ನಡುವೆ ಮರಳಿನ ಬದಲು ಹುತ್ತದ ಮಣ್ಣನ್ನೂ ಕೊಟ್ಟು ನೋಡಿದೆ. ಚೌತಿ ಹತ್ತಿರವಿತ್ತು, ಎಲ್ಲರೂ ಗಣಪತಿಯನ್ನೇ ಮಾಡಿದರು. ವಿನಿಕಾಟ್ 1941ರಲ್ಲಿ ಬರೆದ, 5ರಿಂದ 13 ತಿಂಗಳ ಕೂಸುಗಳ ಮುಂದೆ ಹೊಳೆಯುವ ಲೋಹದ ಪಟ್ಟಿ ಇಟ್ಟು ನೋಡುವ ಆಟಕ್ಕೆ ಅಡಿಕೆ ಹಾಳೆಯ ಚಮಚ ಇಟ್ಟೆ. ಕೂಸು ತಿರುಗಿಯೂ ನೋಡಲಿಲ್ಲ. ಸ್ಟೀಲ್ ಚಮಚ ಇಟ್ಟಾಗ ಕೈ ಚಾಚಿ ತಡೆದು, ಅಮ್ಮನ ಮುಖ ನೋಡಿ, ಜೊಲ್ಲು ಸುರಿಸಿ, ಬಾಯಿಗಿಟ್ಟು, ಕಡೆಗೆ ಎಸೆಯಿತು. ಆ ತಡೆಯುವ ಗಳಿಗೆಯಲ್ಲಿ ಚಮಚವನ್ನು ಬಾಯಿಗೆ ತುರುಕಬಾರದು.

ಆಟ ಮುಗಿದಾಗ ಮಗುವಿನೆದುರು ಮರಳು ಸಮ ಮಾಡಬೇಡಿ. ಅದು ಮೆಟ್ಟಿಲಿಳಿದ ಮೇಲೆ ಫೋಟೋ ತೆಗೆದು, ಹೂತಿಟ್ಟ ಗೊಂಬೆಗಳನ್ನು ಲೆಕ್ಕ ಹಾಕಿ ಹೊರತೆಗೆಯಿರಿ.